"ಹಾಗಾದ್ರೆ ನಾನು ಮಿಸ್ಸಿ ತಾನೆ?"

ಮಕ್ಕಳ ವಿಷಯದಲ್ಲಿ ನನ್ನ ಸಲಹೆ ಕೇಳಿದ, ಅಮೆರಿಕದ ಟೆಕ್ಸಾಸ್‌ನ ಡಲ್ಲಾಸ್ ಹತ್ತಿರದ ಒಂದು ಕನ್ನಡ ಕುಟುಂಬ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ವಿಡಿಯೋ ಕಾಲ್‌ನಲ್ಲಿ ಮೊದಲು ಮಾತಾಡಿದ್ದು ತಾಯಿ. ಮಗನಿಗೆ 9 ವರ್ಷ, ಗಣಿತದಲ್ಲಿ ಬಹಳ ಮುಂದಿದ್ದಾನೆ, ಶಾಲೆಯಲ್ಲಿ ಪ್ರತಿಭಾವಂತ ಮಕ್ಕಳಿಗೆಂದೇ ಇರುವ ಗಿಫ್ಟೆಡ್ ತರಗತಿಗೆ ಆಯ್ಕೆಯಾಗಿದ್ದಾನೆ. ಅರ್ಧ ಗಂಟೆ ಅವನ ವಿಷಯವೇ ಆಯಿತು. 12 ವರ್ಷದ ಮಗಳ ಬಗ್ಗೆ ಎರಡೇ ಮಾತು: "ಅವಳದ್ದೇನೂ ತೊಂದರೆ ಇಲ್ಲ ಮೇಡಂ. ಈಚೆಗೆ ಸಿಡುಕು ಜಾಸ್ತಿ, ಅಷ್ಟೇ."

ಮಗಳ ಜೊತೆ ಬೇರೆಯಾಗಿ ಮಾತಾಡಿದೆ. ಮನೆಯವರೆಲ್ಲ ಕೂತು 'ಯಂಗ್ ಶೆಲ್ಡನ್' ನೋಡುತ್ತಾರಂತೆ. "ತಮ್ಮನನ್ನ ಎಲ್ಲರೂ ಶೆಲ್ಡನ್ ಅಂತ ಕರೀತಾರೆ. ಹಾಗಾದ್ರೆ ನಾನು ಮಿಸ್ಸಿ ತಾನೆ ಆಂಟಿ?" ಅಂದಳು.

2017ರಿಂದ 2024ರವರೆಗೆ ಏಳು ಸೀಸನ್ ಬಂದ ಅಮೆರಿಕದ ಟಿವಿ ಸರಣಿ ಅದು. 1989ರ ಪೂರ್ವ ಟೆಕ್ಸಾಸ್. ಒಂಬತ್ತು ವರ್ಷಕ್ಕೇ ಹೈಸ್ಕೂಲ್ ಸೇರುವ ಹುಡುಗ ಶೆಲ್ಡನ್. ಅಪ್ಪ ಫುಟ್‌ಬಾಲ್ ಕೋಚ್ ಆಗಿರುವ, ಅಣ್ಣ ಜಾರ್ಜಿ ಓದುವ ಶಾಲೆಗೇ ಅವನೂ ಬರುತ್ತಾನೆ. ತಾಯಿ ಮೇರಿಯ ಜೀವವೆಲ್ಲ ಅವನ ಮೇಲೆ. ಅವಳಿ ಸೋದರಿ ಮಿಸ್ಸಿಗೆ ಎದುರಿಗಿರುವವರ ಮನಸ್ಸು ಥಟ್ಟನೆ ತಿಳಿಯುತ್ತದೆ. ಅದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಕಥೆ ಹೇಳುವ ದನಿಯೂ ದೊಡ್ಡವನಾದ ಶೆಲ್ಡನ್‌ನದೇ. ಈ ಕನ್ನಡ ಮನೆಯ ಕಥೆಯೂ ತಮ್ಮನ ಕಡೆಯಿಂದಲೇ ನಡೆಯುತ್ತಿತ್ತು. ಅವನ ಸ್ಪರ್ಧೆ ನೋಡಿಕೊಂಡು ರಜೆ ನಿಗದಿಯಾಗುತ್ತಿತ್ತು. ಕಾರಿನ ಹಿಂದಿನ ಸೀಟಲ್ಲಿ ಸುಮ್ನೆ ಕೂತು ಕಾಯುವುದು ಮಗಳ ಪಾಲು.

ಶೆಲ್ಡನ್ ಅನ್ನುವ ಅಡ್ಡಹೆಸರು ಇವತ್ತಿಗೇ ಬಿಡಿ ಅಂದೆ. ಅದು ಹುಡುಗನಿಗೂ ಭಾರ. ಒಂದು ಲೆಕ್ಕ ತಪ್ಪಿದರೆ ಪೆನ್ಸಿಲ್ ಮುರಿಯುತ್ತಾನೆ ಅಂತ ತಾಯಿಯೇ ಹೇಳಿದ್ದರು. ಅವನು ತನಗೆ ಸುಲಭವಾಗಿ ಬಾರದ ಏನನ್ನಾದರೂ ಕಲಿಯಲಿ. ಈಜು ಆದೀತು, ಚಪಾತಿ ಲಟ್ಟಿಸುವುದೂ ಆದೀತು. ಮೊದಲ ಚಪಾತಿ ಸೊಟ್ಟಗಾದರೆ ಎಲ್ಲರೂ ಅದನ್ನೇ ತಿನ್ನಿ. ಆದರೆ ಕಲಿಸುವ ಕೆಲಸ ಅಕ್ಕನ ತಲೆಗೆ ಕಟ್ಟಬೇಡಿ. "ನೀನು ದೊಡ್ಡವಳು, ಅಡ್ಜಸ್ಟ್ ಮಾಡ್ಕೋ" ಅನ್ನುವ ಮಾತು ಮನೆಯಲ್ಲಿ ಬೇಡವೇ ಬೇಡ.

ಸರಣಿಯಲ್ಲಿ ಅಪ್ಪ ಜಾರ್ಜ್ ಮಿಸ್ಸಿಗೆ ಬೇಸ್‌ಬಾಲ್ ಹೇಳಿಕೊಡುತ್ತಾನೆ. ನನಗೆ ಬಹಳ ಇಷ್ಟವಾದ ಭಾಗ ಅದು. ಅದನ್ನೇ ನೆನಪಿಸಿ ತಂದೆಗೆ ಹೇಳಿದೆ: ಶನಿವಾರ ಸಂಜೆ ಒಂದು ಗಂಟೆ ಮಗಳಿಗೆ. ಎಲ್ಲಿ ಹೋಗಬೇಕು ಅನ್ನುವುದನ್ನು ಅವಳೇ ಹೇಳಲಿ. ಆ ಹೊತ್ತಿನಲ್ಲಿ ತಮ್ಮನ ಮಾತು ಎತ್ತಬೇಡಿ.

ಮೂರನೇ ಭೇಟಿಗೆ ಬಂದಾಗ ಎರಡು ಶನಿವಾರ ತಪ್ಪಿತ್ತು. ತಂದೆಗೆ ನೆನಪಿರಲಿಲ್ಲ. ಮಗಳು ತಾರೀಕು ಸಮೇತ ಹೇಳಿದಳು. ಕಾರಣ ಹೇಳಬೇಡಿ, ನೇರ ಕ್ಷಮೆ ಕೇಳಿ ಅಂದೆ. ಕೇಳಿದರು. ಅವಳು ಏನೂ ಅನ್ನಲಿಲ್ಲ. ಮುಂದಿನ ಶನಿವಾರ ಎಷ್ಟು ಗಂಟೆಗೆ ಹೊರಡೋದು ಅಂತ ಮಾತ್ರ ಕೇಳಿದಳು.