ಬೇಸ್ ಗಿಟಾರಿಗೆ ಎಣ್ಣೆಯೋ, ಲ್ಯಾಕರೋ?

ಮಂಗಳೂರಿನ ಮಳೆಗಾಲದಲ್ಲಿ ಮಹಾಗನಿ ಬಾಡಿಯ ಫ್ರೆಟ್‌ಲೆಸ್ ಬೇಸ್, ಅಂದರೆ ನೆಕ್ಕಿನ (ಕುತ್ತಿಗೆಯ) ಮೇಲೆ ಲೋಹದ ಅಡ್ಡಪಟ್ಟಿಗಳಿಲ್ಲದ ಬೇಸ್ ಗಿಟಾರ್, ಮಾಡುತ್ತಿದ್ದೀರಿ. ಎಣ್ಣೆ ಹಚ್ಚಲೋ ಲ್ಯಾಕರ್ ಹೊಡೆಯಲೋ, ಯಾವುದರಲ್ಲಿ ಸೌಂಡ್ ಚೆನ್ನಾಗಿರುತ್ತದೆ ಅಂತ ಕೇಳಿದ್ದೀರಿ, ಅಲ್ವಾ?

ಬಾಡಿಯ ಮಟ್ಟಿಗೆ ಸೌಂಡಿನ ಚಿಂತೆ ಬಿಡಿ. ತಂತಿಯ ಕೆಳಗಿರುವ ಆಯಸ್ಕಾಂತದ ಪಿಕಪ್ ಹಿಡಿಯುವುದು ತಂತಿಯ ಅಲುಗಾಟವನ್ನು. ಮರದ ಮೇಲಿನ ತೆಳು ಪದರದಿಂದ ಆಗುವ ವ್ಯತ್ಯಾಸ ನನ್ನ ಕಿವಿಗಂತೂ ಸಿಕ್ಕಿಲ್ಲ.

ನಾನಾಗಿದ್ದರೆ ಎಣ್ಣೆಯೇ. ಕಾರಣ ನಿಮ್ಮೂರ ಹವೆ. ನೈಟ್ರೋ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆದಾಗ ಥಿನ್ನರ್ ಬೇಗ ಆರುತ್ತದೆ, ಮರದ ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿರುವ ತೇವ ಅಲ್ಲೇ ಕೂತು ಪದರ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಹೊಡೆಯಲೇಬೇಕೆಂದರೆ ಮಳೆ ಮುಗಿಯುವ ತನಕ ಕಾಯಿರಿ.

220 ಗ್ರಿಟ್ ಉಜ್ಜುಕಾಗದದ ತನಕ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ. ಮಲಗಿದ್ದ ನಾರು ಎದ್ದು ನಿಲ್ಲುತ್ತದೆ. ಪೂರ್ತಿ ಒಣಗಿದ ಮೇಲೆ 320ರಲ್ಲಿ ಮೆಲ್ಲಗೆ ಉಜ್ಜಿದರೆ, ಎಣ್ಣೆ ಬಿದ್ದಾಗ ಮತ್ತೆ ಅಷ್ಟಾಗಿ ಒರಟಾಗುವುದಿಲ್ಲ. ಟಂಗ್ ಎಣ್ಣೆಯನ್ನು (ಟಂಗ್ ಮರದ ಬೀಜದ, ಒಣಗಿ ಗಟ್ಟಿಯಾಗುವ ಎಣ್ಣೆ) ತೆಳುವಾಗಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹೆಚ್ಚಾದದ್ದನ್ನೆಲ್ಲ ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟರೆ ಅಂಟಂಟಾಗಿಯೇ ಉಳಿಯುತ್ತದೆ. ಮಳೆಯಲ್ಲಿ ಒಣಗುವುದು ನಿಧಾನ, ಅವಸರ ಬೇಡ. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಮಾತ್ರ ಹಚ್ಚಬೇಡಿ, ಅದು ಗಟ್ಟಿಯಾಗುವ ಎಣ್ಣೆಯೇ ಅಲ್ಲ. ಅಗಸೆ ಎಣ್ಣೆ ಬಳಸುವುದಾದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಎಣ್ಣೆಯಲ್ಲಿ ಕನ್ನಡಿಯ ಹೊಳಪು ಬರುವುದಿಲ್ಲ, ಪೆಟ್ಟು ಬಿದ್ದರೆ ಗುರುತೂ ಬೇಗ ಆಗುತ್ತದೆ. ಆದರೆ ಆ ಜಾಗವನ್ನಷ್ಟೇ ಉಜ್ಜಿ ಮತ್ತೆ ಹಚ್ಚಿದರೆ ಸಾಕು.

ಫಿನಿಶ್ ನಿಜವಾಗಿ ಸೌಂಡಿಗೆ ಕೈಹಾಕುವುದು ನಿಮ್ಮ ಫಿಂಗರ್‌ಬೋರ್ಡಿನಲ್ಲಿ, ಅಂದರೆ ಬೆರಳು ತಂತಿಯನ್ನು ಒತ್ತುವ ಹಲಗೆಯಲ್ಲಿ. ಫ್ರೆಟ್ ಇಲ್ಲದ ಕಡೆ ತಂತಿ ನೇರವಾಗಿ ಮರಕ್ಕೇ ಒತ್ತುತ್ತದೆ. ದುಂಡು ತಂತಿ ಸುತ್ತಿ ಮೈ ಒರಟಾಗಿರುವ ರೌಂಡ್‌ವೌಂಡ್ ತಂತಿ ಬೀಟೆಯಂಥ ಗಟ್ಟಿ ಮರವನ್ನೂ ಕೊರೆದು ಹಾಕುತ್ತದೆ. ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ತನ್ನ ಫೆಂಡರ್ ಜಾಝ್ ಬೇಸಿನ ಬೋರ್ಡಿಗೆ ದೋಣಿಗೆ ಬಳಿಯುವ ಎಪಾಕ್ಸಿ (ಗಟ್ಟಿಯಾಗುವ ರಾಳ) ಬಳಿದಿದ್ದು ಇದಕ್ಕೇ. ಮೈ ಗಟ್ಟಿಯಾದರೆ ಸ್ವರ ಚುರುಕಾಗಿ ಬರುತ್ತದೆ, ಜಾಸ್ತಿ ಹೊತ್ತು ನಿಲ್ಲುತ್ತದೆ. ಎಪಾಕ್ಸಿ ಬೇಡ ಅನ್ನಿಸಿದರೆ ಮೈ ನುಣುಪಾದ ಫ್ಲಾಟ್‌ವೌಂಡ್ ತಂತಿ ಹಾಕಿ, ಬೋರ್ಡು ಬಾಳುತ್ತದೆ.

ನೆಕ್ಕಿನ ಹಿಂಭಾಗ ಮಂದ ಹೊಳಪಿನಲ್ಲೇ ಇರಲಿ. ನಿಮ್ಮ ಕಡೆಯ ಬೆವರಿಗೆ ಕನ್ನಡಿ ಹೊಳಪಿನ ಮೈ ಕೈಗೆ ಅಂಟುತ್ತದೆ. ಕೊನೆಯ ಉಜ್ಜುವಿಕೆಗೆ ಸ್ಟೀಲ್ ವೂಲ್ ತಗೊಂಡರೆ, ಪಿಕಪ್ ಕೂರಿಸುವ ಮೊದಲೇ ಆ ಕೆಲಸ ಮುಗಿಸಿ. ಅದರ ಪುಡಿ ಆಯಸ್ಕಾಂತಕ್ಕೆ ಹತ್ತಿದರೆ ಬಿಡಿಸುವುದು ದೊಡ್ಡ ಗೋಳು.