ಯಾರಿಗೂ ಹೇಳದೆ ಹತ್ತಿದ ಮೆಟ್ಟಿಲು

ಈ ಪ್ರಕರಣ ಬರೆಯಲು ಆ ಹುಡುಗಿ ಒಪ್ಪಿಗೆ ಕೊಟ್ಟಿದ್ದಾಳೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಅವಳನ್ನು ಚೈತ್ರ ಅಂತ ಕರೆಯೋಣ.

ವಯಸ್ಸು 24. ಹಾಸನದ ಕಡೆಯ ಕುಟುಂಬ. ಅವಳು ಚಿಕ್ಕವಳಿದ್ದಾಗಲೇ ಅಪ್ಪನ ಕೆಲಸದ ಮೇಲೆ ಕ್ಯಾಲಿಫೋರ್ನಿಯಾಗೆ ಬಂದವರು. ಡಿಗ್ರಿ ಮುಗಿಸಿ ಆಂಬ್ಯುಲೆನ್ಸ್‌ನಲ್ಲಿ ಇಎಂಟಿ, ಅಂದರೆ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ, ಆಗಿ ಕೆಲಸ ಮಾಡುತ್ತಾಳೆ. ಮೆಡಿಕಲ್ ಸೇರುವ ಮುಂಚೆ ಸ್ವಲ್ಪ ಅನುಭವ ಆಗಲಿ ಅಂತ ಈ ಕೆಲಸ ಎಂದು ಮನೆಯವರು ನಂಬಿದ್ದರು. ಅವಳ ಮನಸ್ಸಿನಲ್ಲಿದ್ದದ್ದೇ ಬೇರೆ. ಫೈರ್‌ಫೈಟರ್ ಆಗಬೇಕು.

ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಬಂದಾಗ ಅವಳು ಹೇಳಿದ್ದು ನಿದ್ದೆಯ ತೊಂದರೆ ಮಾತ್ರ. ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ, ಎದೆ ಹೊಡೆದುಕೊಳ್ಳುತ್ತೆ, ಕಾಲು ಸೆಳೆಯುತ್ತೆ. ಎರಡನೇ ಭೇಟಿಯ ಕೊನೆಗೆ, ಬ್ಯಾಗ್ ಎತ್ತಿಕೊಂಡು ಹೊರಡುವಾಗ, "ಆಂಟಿ, ನಾನು ಸಿಪ್ಯಾಟ್‌ನಲ್ಲಿ ಫೇಲಾದೆ" ಅಂದಳು. ಅಮ್ಮನಿಗೆ ಗೊತ್ತಿಲ್ಲ, ಅಪ್ಪನಿಗೆ ಗೊತ್ತಿಲ್ಲ, ಜೊತೆಯಲ್ಲಿ ಕೆಲಸ ಮಾಡುವವರಿಗೂ ಗೊತ್ತಿಲ್ಲ.

ಅಮೆರಿಕ, ಕೆನಡಾದ ಬಹಳಷ್ಟು ಫೈರ್ ಡಿಪಾರ್ಟ್‌ಮೆಂಟ್‌ಗಳು ಕೆಲಸಕ್ಕೆ ಅರ್ಜಿ ಹಾಕಿದವರಿಂದ ಕೇಳುವ ದೈಹಿಕ ಪರೀಕ್ಷೆ ಈ ಸಿಪ್ಯಾಟ್ (CPAT). ಎಂಟು ಹಂತ, ಒಟ್ಟು 10 ನಿಮಿಷ 20 ಸೆಕೆಂಡ್. ಪಾಸ್ ಇಲ್ಲವೇ ಫೇಲ್, ಮಧ್ಯೆ ಏನೂ ಇಲ್ಲ. ಮೈಮೇಲೆ 50 ಪೌಂಡ್ ತೂಕದ ವೆಸ್ಟ್ ಹಾಕುತ್ತಾರೆ. ಮೊದಲ ಹಂತದಲ್ಲಿ ಎರಡು ಭುಜದ ಮೇಲೂ ಸೇರಿ ಇನ್ನೂ 25 ಪೌಂಡ್. ಒಟ್ಟು 34 ಕಿಲೊ. ಆ ಭಾರ ಹೊತ್ತು, ತಾನಾಗಿ ತಿರುಗುವ ಮೆಟ್ಟಿಲು ಯಂತ್ರದ ಮೇಲೆ ನಿಮಿಷಕ್ಕೆ 60 ಮೆಟ್ಟಿಲಿನಂತೆ ಮೂರು ನಿಮಿಷ ಹತ್ತಬೇಕು. ಚೈತ್ರಳ ತೂಕ ಆಗ 54 ಕಿಲೊ. ತನ್ನ ತೂಕದ ಅರ್ಧಕ್ಕಿಂತ ಜಾಸ್ತಿ ಹೊತ್ತು ಹತ್ತುವ ಲೆಕ್ಕ ಇದು.

ಅದಾದ ಮೇಲೆ ಭುಜದ ತೂಕ ತೆಗೆಯುತ್ತಾರೆ, ವೆಸ್ಟ್ ಕೊನೆಯವರೆಗೂ ಇರುತ್ತೆ. ಹೋಸ್ ಪೈಪ್ ಎಳೆಯುವುದು, ಎರಡು ಗರಗಸ ಹಿಡಿದು ನಡೆಯುವುದು, 24 ಅಡಿ ಏಣಿ ಎತ್ತಿ ನಿಲ್ಲಿಸುವುದು, 10 ಪೌಂಡ್ ಸುತ್ತಿಗೆಯಿಂದ ಹೊಡೆಯುವುದು, ಕತ್ತಲ ಸುರಂಗದಲ್ಲಿ ತೆವಳುವುದು, 165 ಪೌಂಡ್ ಬೊಂಬೆ ಎಳೆಯುವುದು, ಕೊಕ್ಕೆ ಕೋಲಿನಿಂದ ಚಾವಣಿಯನ್ನು ತಳ್ಳಿ ಎಳೆಯುವುದು. ಒಂದು ಹಂತದಿಂದ ಇನ್ನೊಂದಕ್ಕೆ 85 ಅಡಿ. ಆ ದಾರಿಯಲ್ಲಿ ಓಡುವ ಹಾಗಿಲ್ಲ, ನಡೆಯಬೇಕು.

ಚೈತ್ರ ಮೆಟ್ಟಿಲಿನ ಹಂತದಲ್ಲೇ ಸೋತಿದ್ದಳು. ಏನಾಯಿತು ಅಂತ ಬಿಡಿಸಿ ಕೇಳಿದೆ. ಎರಡು ನಿಮಿಷದ ಹೊತ್ತಿಗೆ ಬಲಗೈ ತಾನಾಗೇ ಯಂತ್ರದ ಪಕ್ಕದ ಕಂಬಿಗೆ ಹೋಯಿತಂತೆ. ಹೇಳುತ್ತಾ ಹೇಳುತ್ತಾ ಅವಳ ಕೈ ನನ್ನ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿಯಿತು. ಬ್ಯಾಲೆನ್ಸ್‌ಗೆ ಅಂತ ಕಂಬಿಯನ್ನು ಒಂದು ಕ್ಷಣ ಮುಟ್ಟಬಹುದು. ಹಿಡಿದುಕೊಂಡರೆ ಎಚ್ಚರಿಕೆ ಕೊಡುತ್ತಾರೆ. ಎರಡು ಎಚ್ಚರಿಕೆ ಆದ ಮೇಲೂ ಹಿಡಿದರೆ ಪರೀಕ್ಷೆ ಮುಗಿಯಿತು. ಅವಳಿಗೆ ಎರಡು ಎಚ್ಚರಿಕೆ ಸಿಕ್ಕಿತ್ತು. ಮೂರನೇ ಸಲ ಕೈ ಹೋಗುವ ಮೊದಲೇ ಅವಳೇ ಇಳಿದುಬಿಟ್ಟಳು.

"ಯಾಕೆ ಇಳಿದೆ?"

"ಅವರು ನಿಲ್ಲಿಸೋದನ್ನ ಎಲ್ಲರೂ ನೋಡ್ತಾರಲ್ಲ ಆಂಟಿ. ಅದಕ್ಕಿಂತ ನಾನೇ ಇಳಿಯೋದು ವಾಸಿ ಅನ್ನಿಸ್ತು."

ಈ ಮಾತು ಹಿಡಿದುಕೊಂಡೇ ಮುಂದಿನ ಭೇಟಿಗಳು ನಡೆದವು. ಯಾಕೆಂದರೆ ಅವಳ ಇಡೀ ತಯಾರಿ ಹೀಗೇ ಇತ್ತು. ಯಾರೂ ನೋಡಬಾರದು. ಜಿಮ್‌ಗೆ ಹೋಗುತ್ತಿದ್ದದ್ದು ರಾತ್ರಿ ಹನ್ನೊಂದರ ಮೇಲೆ. ತೂಕದ ವೆಸ್ಟ್ ಕಾರಿನ ಡಿಕ್ಕಿಯಲ್ಲಿ, ಕಂಬಳಿಯ ಕೆಳಗೆ. ತರಬೇತುದಾರರು ಬೇಡ. ಒಂದು ವಿಷಯ ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಈ ಪರೀಕ್ಷೆ ನಡೆಸುವ ಕೇಂದ್ರಗಳು ಅಭ್ಯರ್ಥಿಗೆ ಮೊದಲೇ ಸಾಮಾನುಗಳನ್ನು ಮುಟ್ಟಿ ನೋಡಲು ಕನಿಷ್ಠ ಎರಡು ಪರಿಚಯ ತರಗತಿ ಕೊಡಬೇಕು. ಪರೀಕ್ಷೆಗೆ ಮುಂಚಿನ 30 ದಿನದಲ್ಲಿ ಗಡಿಯಾರ ಇಟ್ಟು ಎರಡು ಪೂರ್ತಿ ಅಭ್ಯಾಸ ಪರೀಕ್ಷೆಗೂ ಅವಕಾಶ ಕೊಡಬೇಕು. ಬೇಡ ಅನ್ನುವವರು ಸಹಿ ಹಾಕಿ ಬಿಟ್ಟುಬಿಡಬಹುದು. ಚೈತ್ರ ಎಲ್ಲದಕ್ಕೂ ಬೇಡ ಅಂತ ಸಹಿ ಹಾಕಿದ್ದಳು. ಆ ಯಂತ್ರದ ಮೇಲೆ ಅಷ್ಟು ಭಾರ ಹೊತ್ತು ಅವಳು ಮೊದಲ ಸಲ ಕಾಲಿಟ್ಟದ್ದು ಪರೀಕ್ಷೆಯ ದಿನವೇ.

ಆ ತರಗತಿಗಳು ಸುಮ್ನೆ ಬಂದವಲ್ಲ ಅಂತ ಅವಳಿಗೆ ಹೇಳಿದೆ. ನ್ಯೂಯಾರ್ಕ್ ನಗರದ ಅಗ್ನಿಶಾಮಕ ದಳದಲ್ಲಿ 1977 ರಲ್ಲಿ ಹೆಂಗಸರಿಗೂ ಪರೀಕ್ಷೆ ತೆರೆದಾಗ ದೈಹಿಕ ಪರೀಕ್ಷೆಯಲ್ಲಿ ಒಬ್ಬ ಹೆಂಗಸೂ ಪಾಸಾಗಲಿಲ್ಲ. ಅವರಲ್ಲಿ ಒಬ್ಬರಾದ ಬ್ರೆಂಡಾ ಬರ್ಕ್‌ಮನ್ ಕೋರ್ಟಿಗೆ ಹೋದರು. ಆ ಪರೀಕ್ಷೆಗೂ ನಿಜವಾದ ಕೆಲಸಕ್ಕೂ ಸರಿಯಾದ ಸಂಬಂಧ ಇಲ್ಲ ಅಂತ 1982 ರಲ್ಲಿ ತೀರ್ಪು ಬಂತು. ಹೊಸ ಪರೀಕ್ಷೆ ಪಾಸಾಗಿ ನಲವತ್ತರ ಆಸುಪಾಸು ಹೆಂಗಸರು ದಳ ಸೇರಿದರು. ಸಿಪ್ಯಾಟ್ ಬಂದದ್ದು ಆಮೇಲೆ, ತೊಂಬತ್ತರ ದಶಕದ ಕೊನೆಗೆ. ಫೈರ್‌ಫೈಟರ್‌ಗಳ ಸಂಘಟನೆ, ಮುಖ್ಯಸ್ಥರ ಸಂಘಟನೆ ಎರಡೂ ಸೇರಿ, ಹತ್ತು ನಗರ ಮತ್ತು ಕೌಂಟಿಗಳ ದಳಗಳನ್ನು ಜೊತೆಗಿಟ್ಟುಕೊಂಡು ರೂಪಿಸಿದ್ದು. ಪರಿಚಯ ತರಗತಿ, ಅಭ್ಯಾಸ ಪರೀಕ್ಷೆ ಇವೆಲ್ಲ ಅಭ್ಯರ್ಥಿಯ ಹಕ್ಕು. ಅಲ್ಲಿ ಎಡವಿ ಕಲಿಯಲಿ ಅಂತಲೇ ಅವನ್ನು ಇಟ್ಟಿರುವುದು.

ಇನ್ನೊಂದು ವಿಷಯವನ್ನು ನಾನು ನೇರವಾಗಿ ಕೇಳಬೇಕಾಯಿತು. ಊಟ ಹೇಗಿದೆ, ಮುಟ್ಟು ಸರಿಯಾಗಿ ಆಗುತ್ತಿದೆಯಾ? ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾಲ್ಕು ತಿಂಗಳಿಂದ ಆಗಿಲ್ಲ ಅಂದಳು. ತೂಕ ಕಡಿಮೆಯಾದರೆ ಹತ್ತುವುದು ಸುಲಭ ಅಂದುಕೊಂಡು ರಾತ್ರಿ ಊಟ ಬಿಟ್ಟಿದ್ದಳು. ಅಮ್ಮ ಕಟ್ಟಿಕೊಡುತ್ತಿದ್ದ ಡಬ್ಬಿ ಆಂಬ್ಯುಲೆನ್ಸ್‌ನಲ್ಲಿ ಹಾಗೇ ಇರುತ್ತಿತ್ತು. ಬೆಳಗ್ಗೆ ಡಬ್ಬಿ ತೊಳೆದು ಮನೆಗೆ ಒಯ್ಯುತ್ತಿದ್ದಳು.

ಇದನ್ನು ಓದುತ್ತಿರುವ ಹುಡುಗಿಯರು ದಯವಿಟ್ಟು ಗಮನ ಕೊಡಿ. ವಿಪರೀತ ವ್ಯಾಯಾಮ ಮಾಡುತ್ತಾ ಊಟ ಕಡಿಮೆ ಮಾಡಿದರೆ ದೇಹ ಉಳಿತಾಯಕ್ಕೆ ಇಳಿಯುತ್ತೆ. ಮುಟ್ಟು ನಿಲ್ಲುತ್ತೆ, ಮೂಳೆ ಸೊರಗುತ್ತೆ, ನಿದ್ದೆ ಕೆಡುತ್ತೆ, ಸಣ್ಣ ಗಾಯವೂ ಬೇಗ ವಾಸಿಯಾಗಲ್ಲ. ಭಾರ ಹೊತ್ತು ಹತ್ತುವವರಿಗೆ ಬೇಕಾಗಿರುವುದು ತೊಡೆಯ ಶಕ್ತಿ, ಅದು ಉಪವಾಸದಿಂದ ಬರಲ್ಲ. ಮುಟ್ಟು ನಿಂತರೆ "ಟ್ರೇನಿಂಗ್‌ನಲ್ಲಿ ಹೀಗಾಗುತ್ತೆ ಬಿಡು" ಅನ್ನಬೇಡಿ. ಡಾಕ್ಟರ ಹತ್ತಿರ ಹೋಗಬೇಕು. ನಾನು ಅವಳಿಗೆ ಹಾಕಿದ ಮೊದಲ ಷರತ್ತೇ ಅದು. ಡಾಕ್ಟರು ನೋಡಿ ಸರಿ ಅನ್ನುವವರೆಗೆ ತೂಕದ ವೆಸ್ಟ್ ಮುಟ್ಟುವ ಹಾಗಿಲ್ಲ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಅಂಶ ಕಡಿಮೆ ಅಂತ ಬಂತು. ಅದಕ್ಕೆ ಔಷಧಿ ಶುರುವಾಯಿತು. ಊಟದ ವಿಚಾರಕ್ಕೆ ಒಬ್ಬ ಆಹಾರ ತಜ್ಞೆಯನ್ನು ಜೊತೆ ಮಾಡಿದೆವು.

ವ್ಯಾಯಾಮ ಕಲಿಸುವುದು ನನ್ನ ಕೆಲಸ ಅಲ್ಲ. ಅದಕ್ಕೆ ಅವಳು ತರಬೇತುದಾರರ ಹತ್ತಿರ ಹೋಗಬೇಕು ಅಂತ ಒಪ್ಪಿಸಿದೆ. ಅವರು ಮಾಡಿದ ಯೋಜನೆ ನನಗೆ ಹಿಡಿಸಿತು. ಮೊದಲು ತೂಕವಿಲ್ಲದೆ ಮೂರು ನಿಮಿಷ ಮೆಟ್ಟಿಲು. ಇಳಿದ ತಕ್ಷಣ ಒಂದು ಪೂರ್ತಿ ವಾಕ್ಯ ತಡೆಯಿಲ್ಲದೆ ಹೇಳಲು ಬಂದರೆ ಮಾತ್ರ ಮುಂದಿನ ತೂಕ. ಇಲ್ಲದಿದ್ದರೆ ಅದೇ ತೂಕದಲ್ಲಿ ಇನ್ನೊಂದು ವಾರ. ಭಾರದ ಮೆಟ್ಟಿಲು ವಾರಕ್ಕೆ ಎರಡೇ ಸಲ. ಬೇರೆ ದಿನ ತೊಡೆ, ಬೆನ್ನು, ಕೈಹಿಡಿತ. ಒಂದು ದಿನ ಪೂರ್ತಿ ರಜಾ. ಆ ರಜಾ ದಿನವೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು.

ನಾನು ಕೆಲಸ ಮಾಡಿದ್ದು ಆ ಎರಡನೇ ನಿಮಿಷದ ಮೇಲೆ. ಕೈ ಕಂಬಿಗೆ ಹೋಗುವ ಮೊದಲು ತಲೆಯಲ್ಲಿ ಏನು ಓಡುತ್ತೆ ಅಂತ ಬರೆದು ತರಲು ಹೇಳಿದೆ. "ಮುಗೀತು. ಎಲ್ಲರಿಗೂ ಗೊತ್ತಾಗುತ್ತೆ." ಪ್ರತಿ ಸಲವೂ ಇವೇ ಎರಡು ವಾಕ್ಯ. ಅವು ಬಂದ ಮೇಲೆ ಉಸಿರು ಮೇಲಕ್ಕೆ ಹೋಗುತ್ತೆ, ಭುಜ ಬಿಗಿಯುತ್ತೆ, ಮೊಣಕಾಲು ನಡುಗುತ್ತೆ, ಆಮೇಲೆ ಕೈ ಚಾಚುತ್ತೆ. ಕಾಲು ಸೋತದ್ದರಿಂದ ಕೈ ಹೋಯಿತು ಅಂತ ಅವಳು ನಂಬಿದ್ದಳು. ಆದರೆ ಅವಳ ಬರಹದಲ್ಲಿ ಹೆದರಿಕೆಯೇ ಮೊದಲು ಬರುತ್ತಿತ್ತು.

ಮೂರು ನಿಮಿಷವನ್ನು ಅರ್ಧರ್ಧ ನಿಮಿಷದ ಆರು ತುಂಡು ಮಾಡಿದೆವು. ಪ್ರತಿ ತುಂಡಿಗೂ ಒಂದು ಕೆಲಸ. ಮೊದಲನೆಯದು ಪೂರ್ತಿ ಪಾದ ಮೆಟ್ಟಿಲ ಮೇಲೆ. ಎರಡನೆಯದು ಭುಜ ಸಡಿಲ. ಮೂರನೆಯದು ಕಣ್ಣು ಎದುರಿಗಿನ ಗೋಡೆಯ ಮೇಲೆ. ನಾಲ್ಕನೆಯ ತುಂಡು, ಅಂದರೆ ಎರಡು ನಿಮಿಷ ಮುಟ್ಟುವ ಜಾಗ, ಅಲ್ಲಿ ಬರೀ ಉಸಿರು. ಎರಡು ಮೆಟ್ಟಿಲಿಗೆ ಒಳಗೆ, ಮೂರು ಮೆಟ್ಟಿಲಿಗೆ ಹೊರಗೆ. ಆಗ "ಮುಗೀತು" ಅನ್ನುವ ಮಾತು ಬರುತ್ತೆ, ಬರಲಿ. ಅದನ್ನು ಓಡಿಸಲು ಹೋಗಬೇಡ, ಮುಂದಿನ ಮೆಟ್ಟಿಲು ಹತ್ತು ಅಂದೆ. ಹಂತಗಳ ನಡುವಿನ 85 ಅಡಿಯನ್ನೂ ಉದ್ದ ಉಸಿರು ಬಿಡಲು ಇಟ್ಟುಕೊಂಡಳು.

ಕತ್ತಲ ಸುರಂಗದ ಭಯ ನಿಧಾನವಾಗಿ ಹೊರಗೆ ಬಂತು. ಸುಮಾರು 64 ಅಡಿ ಉದ್ದ, 3 ಅಡಿ ಎತ್ತರ, 4 ಅಡಿ ಅಗಲ. ಮಧ್ಯೆ ಅಡ್ಡ ಇಟ್ಟ ವಸ್ತುಗಳು, ಇಕ್ಕಟ್ಟಾಗುವ ಜಾಗಗಳು. ಅಲ್ಲಿಗೆ ಅವಳು ಇನ್ನೂ ಮುಟ್ಟಿಯೇ ಇರಲಿಲ್ಲ, ಆದರೂ ರಾತ್ರಿ ಎರಡು ಗಂಟೆಯ ಎಚ್ಚರಕ್ಕೆ ಅದೂ ಒಂದು ಕಾರಣ. ಅವಳಿಗೆ ಗೊತ್ತಿರದ ಒಂದು ನಿಯಮ ಹೇಳಿದೆ. ಒಳಗೆ ಆಗುವುದೇ ಇಲ್ಲ ಅನ್ನಿಸಿದರೆ ಕೂಗಬಹುದು, ಗೋಡೆ ಅಥವಾ ಮೇಲ್ಛಾವಣಿಗೆ ಜೋರಾಗಿ ಬಡಿಯಬಹುದು. ಬಂದು ಹೊರಗೆ ಕರೆದುಕೊಳ್ಳುತ್ತಾರೆ. ಪರೀಕ್ಷೆ ಅಲ್ಲಿಗೆ ಮುಗಿಯುತ್ತೆ, ಆದರೆ ಒಳಗೆ ಯಾರೂ ಸಿಕ್ಕಿಹಾಕಿಕೊಳ್ಳಲ್ಲ. ಇಷ್ಟು ಗೊತ್ತಾದದ್ದೇ ಅರ್ಧ ಭಯ ಇಳಿಯಿತು. ಆಮೇಲೆ ಮನೆಯಲ್ಲಿ ಊಟದ ಟೇಬಲ್ ಕೆಳಗೆ ಕುರ್ಚಿ ಅಡ್ಡ ಇಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ, ತಲೆ ತಗ್ಗಿಸಿ, ಒಂದು ಕೈ ಒಂದೇ ಪಕ್ಕಕ್ಕೆ ಸವರುತ್ತಾ ತೆವಳುವ ಅಭ್ಯಾಸ.

ಇದನ್ನು ಕದ್ದು ಮಾಡಲು ಆಗಲ್ಲ ಅಲ್ವಾ. ಊಟದ ಟೇಬಲ್ ಇರುವುದು ಅಮ್ಮನ ಮನೆಯಲ್ಲಿ. "ಅಮ್ಮನಿಗೆ ಹೇಳು" ಅಂತ ನಾನು ಯಾವತ್ತೂ ಒತ್ತಾಯ ಮಾಡಿರಲಿಲ್ಲ. ಅವಳು ವಯಸ್ಸಿಗೆ ಬಂದ ಹುಡುಗಿ, ನಿರ್ಧಾರ ಅವಳದ್ದು. ಒಂದು ದಿನ ಅವಳೇ ಹೇಳಿ, ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಬಂದಳು.

ಅಪ್ಪ ಕೂತ ತಕ್ಷಣ, "ಇದಕ್ಕಾ ಮೇಡಂ ಇಷ್ಟು ಓದಿಸಿದ್ದು? ಮಗಳನ್ನ ಬೆಂಕಿಗೆ ಕಳಿಸೋಕಾ?" ಅಂದರು. ಅಮ್ಮ ಪರೀಕ್ಷೆಯ ಮಾತೇ ಎತ್ತಲಿಲ್ಲ. ಮಗಳ ಕಡೆ ತಿರುಗಿ, "ಡಬ್ಬಿ ದಿನಾ ನೀನೇ ತೊಳ್ಕೊಂಡು ಬರ್ತಿದ್ದಾಗಲೇ ನಂಗೆ ಅನುಮಾನ ಇತ್ತು ಪುಟ್ಟಿ" ಅಂದರು. ಚೈತ್ರ ಅತ್ತಳು.

ಅಪ್ಪನ ಭಯಕ್ಕೆ ಸುಳ್ಳು ಸಮಾಧಾನ ಹೇಳಬಾರದು ಅಂತ ಚೈತ್ರಳ ಜೊತೆ ಮೊದಲೇ ಮಾತಾಡಿಕೊಂಡಿದ್ದೆ. ಇಲ್ಲಿನ ಫೈರ್ ಡಿಪಾರ್ಟ್‌ಮೆಂಟ್‌ಗಳಿಗೆ ಬರುವ ಕರೆಗಳಲ್ಲಿ ಬಹುಪಾಲು ವೈದ್ಯಕೀಯ ತುರ್ತು ಕರೆಗಳು, ಬೆಂಕಿಯ ಪಾಲು ತೀರಾ ಕಡಿಮೆ. ಇದು ನಿಜ. ಅಪಾಯವೂ ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022 ರಲ್ಲಿ ಈ ವೃತ್ತಿಯನ್ನು ಕ್ಯಾನ್ಸರ್ ತರುವಂಥದ್ದು ಎಂದು ವರ್ಗೀಕರಿಸಿದೆ. ಎರಡನ್ನೂ ಚೈತ್ರಳೇ ಹೇಳಿದಳು. ಹೊಗೆ ಹತ್ತಿದ ಬಟ್ಟೆಯನ್ನು ಬೇರೆ ಇಡುವುದು, ಬೆಂಕಿ ಆರಿದ ಮೇಲೂ ಮಾಸ್ಕ್ ತೆಗೆಯದಿರುವುದು, ಬೇಗ ಸ್ನಾನ ಮಾಡುವುದು, ಇದೆಲ್ಲ ಯಾಕೆ ಅಂತ ವಿವರಿಸಿದಳು. ಅಪ್ಪ ಒಪ್ಪಲಿಲ್ಲ. ಆದರೆ ಪೂರ್ತಿ ಕೇಳಿಸಿಕೊಂಡರು. ಅವತ್ತಿಗೆ ಅಷ್ಟು ಸಾಕಿತ್ತು.

ತಂದೆತಾಯಂದಿರಿಗೆ ನಾನು ಕೊಟ್ಟ ಸಲಹೆ ಚಿಕ್ಕದು. ನಿಮಗೆ ಇಷ್ಟ ಇಲ್ಲ ಅಂತ ಹೇಳುವ ಹಕ್ಕು ನಿಮಗಿದೆ, ಹೇಳಿ. ಆದರೆ ಊಟ, ನಿದ್ದೆ, ಡಾಕ್ಟರು, ಈ ಮೂರಕ್ಕೆ ನಿಮ್ಮ ಒಪ್ಪಿಗೆಯ ಗಂಟು ಹಾಕಬೇಡಿ. ಅಮ್ಮ ಮಾರನೇ ದಿನದಿಂದ ಮುದ್ದೆ, ಬಸ್ಸಾರು, ಮೊಟ್ಟೆ ಮಾಡಿ ಅವಳ ಪಾಳಿಯ ಹೊತ್ತಿಗೆ ಸರಿಯಾಗಿ ಕೊಡಲು ಶುರು ಮಾಡಿದರು. ಟೇಬಲ್ ಕೆಳಗೆ ಕುರ್ಚಿ ಜೋಡಿಸಿಕೊಟ್ಟವರೂ ಅವರೇ.

ಈ ಸಲ ಚೈತ್ರ ಪರಿಚಯ ತರಗತಿಗಳಿಗೆ ಹೋದಳು. ಮೊದಲ ಅಭ್ಯಾಸ ಪರೀಕ್ಷೆಯಲ್ಲಿ ಮೆಟ್ಟಿಲು ದಾಟಿತು, ಸುರಂಗ ದಾಟಿತು, ಬೊಂಬೆ ಎಳೆಯುವಾಗ ಸಮಯ ಮುಗಿಯಿತು. ಎಲ್ಲರ ಎದುರಿಗೇ. ಅಲ್ಲಿದ್ದ ಒಬ್ಬಾಕೆ ಬಂದು, ಬೆನ್ನು ಬಗ್ಗಿಸಬೇಡ, ಸೊಂಟ ಕೆಳಗಿಳಿಸಿ ಹಿಂದಕ್ಕೆ ಹೆಜ್ಜೆ ಹಾಕು, ಹಿಡಿತ ಜಾರಿದರೆ ಬೊಂಬೆ ಕೆಳಗಿಟ್ಟು ಮತ್ತೆ ಹಿಡಿಯಬಹುದು ಅಂತ ತೋರಿಸಿಕೊಟ್ಟರಂತೆ. ಮೊದಲ ಸಲ ತಾನೇ ಇಳಿದುಹೋಗದೆ ಇದ್ದಿದ್ದರೆ ಇಂಥ ಸಹಾಯ ಆಗಲೇ ಸಿಗುತ್ತಿತ್ತೇನೋ ಅಂತ ಅವಳೇ ಹೇಳಿದಳು. ಎರಡನೇ ಅಭ್ಯಾಸದಲ್ಲಿ ಕೆಲವೇ ಸೆಕೆಂಡ್ ತಡವಾಯಿತು. ಪರೀಕ್ಷೆಯ ದಿನ ಪಾಸಾದಳು. ಮುಟ್ಟು ಸರಿಹೋಗಲು ಅದಕ್ಕಿಂತ ಜಾಸ್ತಿ ಕಾಲ ಹಿಡಿಯಿತು, ಡಾಕ್ಟರ ಭೇಟಿ ಇನ್ನೂ ನಡೆಯುತ್ತಿದೆ.

ಈಗ ಸಂದರ್ಶನಗಳು ಶುರುವಾಗಿವೆ. ನಮ್ಮ ಭೇಟಿ ತಿಂಗಳಿಗೊಮ್ಮೆ. 24 ಗಂಟೆಯ ಪಾಳಿಯಲ್ಲಿ ನಿದ್ದೆಯನ್ನು ಹೇಗೆ ಕಾಪಾಡಿಕೊಳ್ಳುವುದು ಅನ್ನುವುದು ಮುಂದಿನ ಸಲದ ವಿಷಯ. ಅಪ್ಪನಿಗೆ ಆ ಪಾಳಿಯ ಬಗ್ಗೆ ಕೆಲವು ಪ್ರಶ್ನೆಗಳಿವೆಯಂತೆ. ತಾವೂ ಬರುತ್ತೇನೆ ಅಂದಿದ್ದಾರೆ.