ದುಬೈನಲ್ಲಿ ತೀರಿಕೊಂಡವರ ಮರಣ ಪ್ರಮಾಣ ಪತ್ರ ಮಂಡ್ಯದಲ್ಲಿ ಸಿಗುತ್ತದೆಯೇ?

ಸಿಗುವುದಿಲ್ಲ. ಅದಕ್ಕಾಗಿ ಇನ್ನು ಅಲೆಯಬೇಡಿ. ನಿಮ್ಮಣ್ಣ ದುಬೈನಲ್ಲಿ ತೀರಿಕೊಂಡರು, ದೇಹ ತರಿಸಿ ಮದ್ದೂರಿನ ಹತ್ತಿರ ನಿಮ್ಮೂರಲ್ಲೇ ಮಣ್ಣು ಮಾಡಿದಿರಿ, ಈಗ ಪಂಚಾಯ್ತಿಯವರು ಮರಣ ಪತ್ರ ಕೊಡುತ್ತಿಲ್ಲ, ಜಮೀನಿನ ಖಾತೆ ಹಾಗೇ ನಿಂತಿದೆ ಎಂದು ಬರೆದಿದ್ದೀರಿ. ನಮ್ಮ ಚಿಕ್ಕಪ್ಪನ ಮಗ ಅದೇ ದುಬೈನಲ್ಲಿ ಹೋದಾಗ ಮಂಡ್ಯದಲ್ಲಿದ್ದುಕೊಂಡು ಕಾಗದಪತ್ರವನ್ನೆಲ್ಲ ನೋಡಿಕೊಂಡವನು ನಾನು. ಆ ಸಂಕಟ ಗೊತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸಾವು ನೋಂದಣಿಯಾಗುವುದು ಜೀವ ಹೋದ ಜಾಗದಲ್ಲಿ, ಮಣ್ಣು ಮಾಡಿದ ಜಾಗದಲ್ಲಲ್ಲ. ಪಂಚಾಯ್ತಿಯವರು ಆಗಲ್ಲ ಎಂದದ್ದು ಸರಿಯಾಗಿಯೇ ಇದೆ. ಹೊರದೇಶದಲ್ಲಿ ತೀರಿಕೊಂಡ ಭಾರತೀಯ ಪ್ರಜೆಯ ಸಾವನ್ನು ಅಲ್ಲಿನ ನಮ್ಮ ಕಾನ್ಸುಲೇಟ್ ಅಥವಾ ರಾಯಭಾರ ಕಚೇರಿ ದಾಖಲಿಸಿಕೊಳ್ಳುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೇ ಕಲಂ ನಿಮಗೆ ಬೇಕಾದದ್ದು: ಕಾನ್ಸುಲೇಟಿನಲ್ಲಿ ಆದ ನೋಂದಣಿಯನ್ನು ಈ ಕಾಯ್ದೆಯಡಿಯೇ ಆದ ನೋಂದಣಿ ಎಂದು ಪರಿಗಣಿಸಬೇಕು ಅನ್ನುತ್ತದೆ. ಅಂದರೆ ಕಾನ್ಸುಲೇಟ್ ಕೊಟ್ಟ ಪತ್ರಕ್ಕೂ ಇಲ್ಲಿ ಕೊಡುವ ಪತ್ರಕ್ಕೂ ಒಂದೇ ಬೆಲೆ. ಆ ಪುಟದ ಪ್ರಿಂಟ್ ತೆಗೆದು ಫೈಲಿನ ಮೇಲೇ ಇಟ್ಟುಕೊಳ್ಳಿ. ನಮ್ಮ ಕೇಸಿನಲ್ಲಿ ಒಂದು ಕಚೇರಿಯ ಗುಮಾಸ್ತರು "ಇದು ನಮ್ಮ ಸರ್ಕಾರದ ಮರಣ ಪತ್ರ ಅಲ್ಲ, ಇಲ್ಲಿಂದಲೇ ತನ್ನಿ" ಎಂದು ಪಟ್ಟು ಹಿಡಿದಿದ್ದರು. ಆ ಪುಟ ತೋರಿಸಿ, ತಹಶೀಲ್ದಾರರಿಗೆ ಲಿಖಿತ ಮನವಿ ಕೊಟ್ಟ ಮೇಲೆಯೇ ಅರ್ಜಿ ತೆಗೆದುಕೊಂಡದ್ದು.

ಮೊದಲು ಮನೆಯಲ್ಲೇ ಹುಡುಕಿ. ಪೆಟ್ಟಿಗೆಯ ಜೊತೆ ಬಂದ ಕಾಗದಗಳ ಕವರ್ ಯಾರ ಬಳಿ ಇದೆ? ದೇಹ ಕಳಿಸುವ ಮುಂಚೆ ಕಾನ್ಸುಲೇಟ್ ಪಾಸ್‌ಪೋರ್ಟ್ ರದ್ದು ಮಾಡಿ ನಿರಾಕ್ಷೇಪಣಾ ಪತ್ರ ಕೊಟ್ಟಿರುತ್ತದೆ. ಸಾವಿನ ನೋಂದಣಿಯೂ ಸಾಮಾನ್ಯವಾಗಿ ಅದೇ ಹೊತ್ತಿಗೆ ಆಗಿರುತ್ತದೆ. ಅಳು, ತಿಥಿ, ನೆಂಟರ ನಡುವೆ ಆ ಕವರ್ ಬೀರುವಿಗೆ ಸೇರಿ ಮರೆತುಹೋಗುತ್ತದೆ. ರದ್ದಾದ ಪಾಸ್‌ಪೋರ್ಟ್, ಅಲ್ಲಿನ ಸರ್ಕಾರದ ಮರಣ ಪತ್ರ, ದೇಹ ಕೆಡದಂತೆ ಮಾಡಿದ್ದಕ್ಕೆ ಕೊಡುವ ಎಂಬಾಮಿಂಗ್ ಸರ್ಟಿಫಿಕೇಟ್ ಇವುಗಳ ಮಧ್ಯೆ ಕಾನ್ಸುಲೇಟಿನ ಮುದ್ರೆಯಿರುವ ನೋಂದಣಿ ಪತ್ರ ಇದೆಯೇ ನೋಡಿ.

ಇಲ್ಲದಿದ್ದರೆ ದುಬೈನಲ್ಲಿರುವ ಭಾರತೀಯ ಕಾನ್ಸುಲೇಟ್ ಜನರಲ್ ಕಚೇರಿಗೆ ಬರೆಯಿರಿ (ಅಬುಧಾಬಿಯಲ್ಲಿ ತೀರಿಕೊಂಡಿದ್ದರೆ ಅಲ್ಲಿನ ರಾಯಭಾರ ಕಚೇರಿಗೆ). ನೀವೇ ಹೋಗಬೇಕಾಗಿಲ್ಲ. ಅತ್ತಿಗೆಯವರ ಸಹಿಯಿರುವ, ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಕಳಿಸಿದರೆ ಅಣ್ಣನ ಜೊತೆ ಕೆಲಸ ಮಾಡುತ್ತಿದ್ದ ನಂಬಿಕಸ್ಥರೊಬ್ಬರು ಅಲ್ಲಿ ಓಡಾಡಬಹುದು. ಅಲ್ಲಿನ ಮರಣ ಪತ್ರ ಅರಬ್ಬಿಯಲ್ಲಿದ್ದರೆ ಅಧಿಕೃತ ಅನುವಾದಕರಿಂದ ಇಂಗ್ಲಿಷಿಗೆ ಮಾಡಿಸಿ, ಅಲ್ಲಿನ ವಿದೇಶಾಂಗ ಇಲಾಖೆಯ ದೃಢೀಕರಣ ಹಾಕಿಸಬೇಕು. ಅಪಘಾತವಾಗಿದ್ದರೆ ಪೊಲೀಸ್ ವರದಿಯೂ ಬೇಕು. ಉತ್ತರ ಬಾರದೆ ಸತಾಯಿಸಿದರೆ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ಹಾಕಿ.

ಎಲ್ಲಕ್ಕಿಂತ ಹೆಚ್ಚು ಕಣ್ಣಿಟ್ಟು ನೋಡಬೇಕಾದದ್ದು ಹೆಸರು. ನಮ್ಮ ಕಡೆ ಪಹಣಿಯಲ್ಲಿ "ಶಿವಲಿಂಗಯ್ಯ ಬಿನ್ ಚಿಕ್ಕಣ್ಣ" ಎಂದಿರುತ್ತದೆ, ಆಧಾರ್‌ನಲ್ಲಿ ಊರಿನ ಇನಿಷಿಯಲ್ ಸೇರಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ಲನ್ನು ಬಿಡಿಸಿ ಊರ ಹೆಸರನ್ನೇ ಸರ್‌ನೇಮ್ ಮಾಡಿರುತ್ತಾರೆ. ಕಾನ್ಸುಲೇಟ್ ಪಾಸ್‌ಪೋರ್ಟ್‌ನಲ್ಲಿದ್ದಂತೆ ಬರೆಯುತ್ತದೆ. ಅರಬ್ಬಿಗೆ ಹೋಗಿ ಇಂಗ್ಲಿಷಿಗೆ ವಾಪಸು ಬಂದ ಹೆಸರಂತೂ ಗುರುತೇ ಸಿಗದಷ್ಟು ಬದಲಾಗಿರಬಹುದು. ಕರಡು ಕೈಗೆ ಬಂದಾಗಲೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ, ತಂದೆಯ ಹೆಸರು, ಹುಟ್ಟಿದ ತಾರೀಖು ಸಮೇತ. ಪಹಣಿಯ ಹೆಸರಿಗೂ ಇದಕ್ಕೂ ಇರುವ ವ್ಯತ್ಯಾಸಕ್ಕೆ "ಇಬ್ಬರೂ ಒಬ್ಬರೇ" ಎಂಬ ಅಫಿಡವಿಟ್ ಮಾಡಿಸಿ, ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ, ಆಮೇಲೆ ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ) ಅರ್ಜಿ ಹಾಕಿ.

ಊರಲ್ಲಿ ಯಾರಾದರೂ "ಇಲ್ಲೇ ಹೋದರು ಅಂತ ಬರೆಸಿಬಿಡಿ, ಕೆಲಸ ಸಲೀಸು" ಅಂತ ಹೇಳಿಯೇ ಹೇಳುತ್ತಾರೆ. ಖಂಡಿತ ಬೇಡ. ಅದು ಸುಳ್ಳು ಹೇಳಿಕೆ, ಅಪರಾಧ. ಮೇಲಾಗಿ ಪಾಸ್‌ಪೋರ್ಟ್ ಒಂದು ಹೇಳಿ ಮರಣ ಪತ್ರ ಇನ್ನೊಂದು ಹೇಳಿದರೆ ವಿಮೆ, ಕಂಪನಿಯಿಂದ ಬರಬೇಕಾದ ಬಾಕಿ ಎಲ್ಲವೂ ಸಿಕ್ಕಿಕೊಳ್ಳುತ್ತವೆ. ತಡವಾದ ನೋಂದಣಿಗೆ ಆದೇಶ ತರಿಸಿಕೊಡುತ್ತೇನೆ ಎನ್ನುವ ವಕೀಲರಿಗೂ ದುಡ್ಡು ಸುರಿಯಬೇಡಿ. ತಡವಾದ ನೋಂದಣಿಗಿರುವ ಅದೇ ಕಾಯ್ದೆಯ 13ನೇ ಕಲಂ ಇಲ್ಲೇ ಸತ್ತವರಿಗೆ.

ಇನ್ನೆರಡು ಮಾತು. ಅಣ್ಣ ಎಮಿಗ್ರೇಷನ್ ಕ್ಲಿಯರೆನ್ಸ್ (ಹೊರದೇಶದ ಕೆಲಸಕ್ಕೆ ಹೋಗಲು ನಮ್ಮ ಸರ್ಕಾರ ಕೊಡುವ ಅನುಮತಿ) ಪಡೆದು ಕೂಲಿ ಕೆಲಸಕ್ಕೆ ಹೋಗಿದ್ದರೆ, ಸಾವು ಅಪಘಾತದಿಂದ ಆಗಿದ್ದರೆ, ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ 10 ಲಕ್ಷದವರೆಗೆ ವಿಮೆ ಇರುತ್ತದೆ. ಪಾಲಿಸಿ ಚಾಲ್ತಿಯಲ್ಲಿತ್ತೇ ವಿಚಾರಿಸಿ. ಕಂಪನಿಯವರು ಕಳಿಸುವ "ಲೆಕ್ಕ ಚುಕ್ತಾ" ಕಾಗದಕ್ಕೆ ಸಂಬಳ, ಗ್ರಾಚ್ಯುಟಿ ಎಷ್ಟೆಷ್ಟು ಎಂದು ಬರೆಸಿಕೊಳ್ಳದೆ ಅತ್ತಿಗೆಯವರಿಂದ ಸಹಿ ಹಾಕಿಸಬೇಡಿ.

ಕವರ್‌ನಲ್ಲಿ ಏನೇನು ಸಿಕ್ಕಿತು ಎಂದು ಇಲ್ಲೇ ಬರೆಯಿರಿ, ಪಾಸ್‌ಪೋರ್ಟ್ ನಂಬರು, ಹೆಸರು ಮಾತ್ರ ಹಾಕಬೇಡಿ. ಮುಂದಿನ ಅರ್ಜಿಯ ಒಕ್ಕಣೆ ನಾನು ಬರೆದುಕೊಡುತ್ತೇನೆ.